ಪಾರ್ಲಿಮೆಂಟಿಗೆ ಹೋದ ಹದಿನೈದು ಪಂಚಮಿ

ನಮ್ಮ ಅತ್ತೆಯವರು ಭಾರತದ ಸಂವಿಧಾನವನ್ನು ತಿದ್ದಲು ಹೊರಟವರು. ನಗಬೇಡಿ! ತಿದ್ದುಪಡಿ ಬಹಳ ದೊಡ್ಡದೇನಲ್ಲ. 'ಯಾರೇ ಆಗಲಿ, ಎರಡು ಸಲಕ್ಕಿಂತ ಹೆಚ್ಚು ಎಂ.ಪಿ. ಆಗಬಾರದು' ಎಂಬ ಒಂದು ಸಾಲು ಸೇರಿಸಿದರೆ ಸಾಕು. ಉಳಿದದ್ದೆಲ್ಲ ಹಾಗೇ ಇರಲಿ, ಪಾಪ, ಅಷ್ಟು ಕಷ್ಟಪಟ್ಟು ಬರೆದಿದ್ದಾರೆ ಎನ್ನುವುದು ಅವರ ಉದಾರ ನಿಲುವು. ಇದನ್ನು ಅವರು ಹೇಳುವುದು ಯಾವ ವೇದಿಕೆಯ ಮೇಲೂ ಅಲ್ಲ. ಹೊಸಪೇಟೆಯ ನಮ್ಮ ಅಡುಗೆಮನೆಯಲ್ಲಿ, ಹುರಿದ ಶೇಂಗಾದ ಸಿಪ್ಪೆ ಕೇರುತ್ತಾ.

ನನ್ನ ದುರದೃಷ್ಟಕ್ಕೆ ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಟೀಚರು. ಹೆಣ್ಣು ನೋಡಲು ಬಂದ ದಿನ ಎಲ್ಲರ ಅತ್ತೆಯರೂ ಏನು ಕೇಳುತ್ತಾರೆ? ಅಡುಗೆ ಬರುತ್ತದೆಯೇ, ಹಾಡು ಬರುತ್ತದೆಯೇ ಎಂದು ತಾನೆ? ಈ ಮಹಾತಾಯಿ ಚಹಾದ ಕಪ್ಪು ಕೆಳಗಿಟ್ಟು, ಕನ್ನಡಕ ಸರಿಮಾಡಿಕೊಂಡು ಕೇಳಿದರು: "ಯವ್ವಾ, ಒಬ್ಬ ಮನಷ್ಯಾ ಎಷ್ಟು ಸಲ ಎಂ.ಪಿ. ಆಗಬೌದು? ಸಂವಿಧಾನದಾಗ ಏನು ಬರದಾರ?"

"ಎಷ್ಟು ಸಲಾನಾದ್ರೂ ಆಗಬೌದ್ರಿ. ಇಪ್ಪತ್ತೈದು ವರ್ಷ ತುಂಬಿದ್ರ ಸಾಕು. ನಿಲ್ಲಾಕ ಲೆಕ್ಕ ಇಲ್ಲ," ಎಂದೆ, ನೂರಕ್ಕೆ ನೂರು ಅಂಕದ ಉತ್ತರ ಕೊಟ್ಟ ಹೆಮ್ಮೆಯಲ್ಲಿ.

ಅವರ ಮುಖ ಬಾಡಿಹೋಯಿತು. ಸಂಬಂಧ ಕೈತಪ್ಪಿತು ಎಂದುಕೊಂಡು ನಮ್ಮವ್ವ ನನ್ನ ತೊಡೆ ಚಿವುಟಿದಳು. ಆದರೆ ಅತ್ತೆ ನಿಟ್ಟುಸಿರು ಬಿಟ್ಟು, "ಹುಡುಗಿ ಖರೇ ಹೇಳ್ತಾಳ, ನಮ್ಮನಿಗೆ ಬೇಕು," ಎಂದರು. ನಾನು ಮದುವೆಯಾಗಿ ಬಂದದ್ದು ಸೊಸೆಯಾಗಿ ಅಲ್ಲ, ಕಾನೂನು ಸಲಹೆಗಾರಳಾಗಿ ಎಂಬುದು ಆಮೇಲೆ ತಿಳಿಯಿತು.

ಕಾರಣ ಇಡೀ ಓಣಿಗೆ ಗೊತ್ತು. ಅತ್ತೆಯ ಒಬ್ಬನೇ ತಮ್ಮ ಎಂ.ಪಿ. ಯಾವ ಪಕ್ಷ ಎಂದೆಲ್ಲ ಕೇಳಬೇಡಿ, ನಾಳೆ ನಾನು ಸ್ಕೂಲಿಗೆ ಹೋಗಬೇಕು! ಅತ್ತೆಯ ತವರು ಕಂಪ್ಲಿ. ಅವರ ತಾಯಿ ತೀರಿಕೊಂಡಾಗ ಅತ್ತೆಗೆ ಹನ್ನೊಂದು ವರ್ಷ, ತಮ್ಮನಿಗೆ ಎರಡು. ಹೊಳೆಗೆ ಹೋದರೂ ಸೊಂಟದ ಮೇಲೆ, ಹೊಲಕ್ಕೆ ಹೋದರೂ ಸೊಂಟದ ಮೇಲೆ ಹೊತ್ತು ಬೆಳೆಸಿದ ತಮ್ಮ. ಈಗಲೂ ಸೊಂಟ ನೋವು ಬಂದರೆ ಅತ್ತೆ ಮುಲಾಮು ಹಚ್ಚಿಕೊಳ್ಳುತ್ತಾ, "ಲೋಕಸಭಾ ನೋಯಾಕ ಹತ್ತೈತಿ," ಎನ್ನುತ್ತಾರೆ.

ನಮ್ಮ ಕಡೆ ಶ್ರಾವಣದ ನಾಗಪಂಚಮಿ ಎಂದರೆ ಹೆಣ್ಣುಮಕ್ಕಳ ಹಬ್ಬ. ಗಂಡನ ಮನೆಯಲ್ಲಿರುವ ಅಕ್ಕತಂಗಿಯರನ್ನು ತವರಿಗೆ ಕರೆದೊಯ್ಯಲು ಒಡಹುಟ್ಟಿದವನೇ ಬರಬೇಕು. ಬಂದು ಬಾಗಿಲಲ್ಲಿ ನಿಂತು ಕರೆಯಬೇಕು. ಕರೆಯದೆ ಹೋಗುವಂತಿಲ್ಲ, ಹೋದರೆ ಅದು ತವರಿಗೆ ಹೋದ ಹಾಗಲ್ಲ, ಸಂತೆಗೆ ಹೋದ ಹಾಗೆ. ಅತ್ತೆ ಮದುವೆಯಾಗಿ, ಗಣಿ ನೌಕರರಾಗಿದ್ದ, ಈಗಿಲ್ಲದ ನಮ್ಮ ಮಾವನವರ ಜೊತೆ ಸಂಡೂರಿನ ದೋಣಿಮಲೈ ಕ್ವಾರ್ಟರ್ಸಿಗೆ ಬಂದ ಮೇಲೆ ತಮ್ಮ ಒಂದು ವರ್ಷವೂ ತಪ್ಪಿಸಲಿಲ್ಲ. ಗುಡ್ಡವೆಲ್ಲ ಹಸಿರಾಗಿ, ಕೆಂಪು ನೀರು ರಸ್ತೆಗೆ ಹರಿಯುವ ಆ ದಿನಗಳಲ್ಲಿ ಎರಡು ಬಸ್ಸು ಬದಲಿಸಿ, ಕೊನೆಗೆ ಗಣಿ ಕೆಲಸಗಾರರ ಬಸ್ಸಿನಲ್ಲಿ ನೇತಾಡಿಕೊಂಡು ಬರುತ್ತಿದ್ದರಂತೆ. ಕಾಲೇಜಿನ ಪರೀಕ್ಷೆಯಿದ್ದಾಗಲೂ, ಮದುವೆಯಾದ ಮೇಲೂ, ಜಿಲ್ಲಾ ಪಂಚಾಯಿತಿ ಮೆಂಬರಾದ ಮೇಲೂ, ಅತ್ತೆ ಹೊಸಪೇಟೆಗೆ ಬಂದು ನೆಲೆಸಿದ ಮೇಲೂ ಬಂದರು.

ಆಮೇಲೆ ಎಂ.ಪಿ. ಆದರು. ಪಾರ್ಲಿಮೆಂಟಿನ ಮುಂಗಾರು ಅಧಿವೇಶನ ಯಾವಾಗ ಬರುತ್ತದೆ ಹೇಳಿ? ಸರಿಯಾಗಿ ಶ್ರಾವಣಕ್ಕೆ!

"ದಿಲ್ಲಿಯಾಗ ಮಳಿ ಬಂದ್ರ ಮೀಟಿಂಗ್ ಯಾಕ ಮಾಡಬೇಕಬೇ? ಅವ್ರು ಕೂರಿಗಿ ಹೂಡಿ ಬಿತ್ತಾಂಗಿಲ್ಲೇನು?" ಎಂದು ಅತ್ತೆ ನನ್ನನ್ನು ಕೇಳಿದರೆ ನಾನೇನು ಹೇಳಲಿ? ಪಠ್ಯಪುಸ್ತಕದಲ್ಲಿ ಅದಕ್ಕೆ ಉತ್ತರವಿಲ್ಲ. ಒಂದು ವರ್ಷ ಅಧಿವೇಶನ ಹಬ್ಬಕ್ಕೆ ಮುಂಚೆಯೇ ಮುಗಿಯಿತು. ಅತ್ತೆ ಬ್ಯಾಗಿಗೆ ಸೀರೆ ತುಂಬಿಕೊಂಡು ಕೂತರು. ತಮ್ಮ ಯಾವುದೋ ಸಮಿತಿಯ ಜೊತೆ ಅಧ್ಯಯನ ಪ್ರವಾಸಕ್ಕೆ ಹೋದರು. ಏನು ಅಧ್ಯಯನ ಮಾಡಿದರೋ ದೇವರೇ ಬಲ್ಲ, ಸೀರೆಗಳು ಮಾತ್ರ ಪೆಟ್ಟಿಗೆಗೆ ವಾಪಸ್ಸಾದವು.

ಮೊದಲ ಐದು ಪಂಚಮಿಯನ್ನು ಅತ್ತೆ ಖುಷಿಯಿಂದಲೇ ದೇಶಕ್ಕೆ ಬಿಟ್ಟುಕೊಟ್ಟರು. ಎರಡನೇ ಸಲ ನಿಲ್ಲುವಾಗ ತಮ್ಮ ಅವರ ಕೈಹಿಡಿದು, "ಇದೊಂದ ಸಲ ಅಕ್ಕಾ. ಎರಡು ಸಲ ಆದಮ್ಯಾಗ ಮನೀನ ಗತಿ," ಎಂದು ಮಾತು ಕೊಟ್ಟಿದ್ದರು. ಆ ಎರಡನೇ ಐದನ್ನೂ ಅತ್ತೆ ಬೆರಳು ಮಡಿಚುತ್ತಾ ಕಳೆದರು. ಆಮೇಲೆ ಮೂರನೇ ಸಲ ಟಿಕೆಟ್ ಬಂತು, ತಮ್ಮ ನಾಮಪತ್ರ ಸಲ್ಲಿಸಿದರು. ಅಂದಿನಿಂದ ನಮ್ಮ ಅತ್ತೆ ಅಕ್ಕನಾಗಿ ಉಳಿಯಲಿಲ್ಲ, ಚಳವಳಿಯಾದರು.

ಹೊಸಪೇಟೆಯಿಂದ ಕಂಪ್ಲಿಗೆ ಎಷ್ಟು ದೂರ? ಮೂವತ್ತು ಚಿಲ್ಲರೆ ಕಿಲೋಮೀಟರು. ಗಂಟೆಗೊಂದೆರಡು ಬಸ್ಸು. ಮಹಿಳೆಯರಿಗೆ ಟಿಕೆಟ್ಟೂ ಇಲ್ಲ! "ಅತ್ತೀ, ನಾಳೆ ನಾವ ಹೋಗಿ ಬರೋಣ," ಎಂದರೆ, "ನನಗ ಕಂಪ್ಲಿ ನೋಡಬೇಕಂತ ಇಲ್ಲಬೇ. ಕರಿಸಿಗೋಬೇಕಂತ ಐತಿ," ಎಂದು ಬಾಯಿ ಮುಚ್ಚಿಸುತ್ತಿದ್ದರು.

ಎರಡನೇ ಅವಧಿಯ ನಡುವೆ ನಾನು ಮದುವೆಯಾಗಿ ಬಂದ ವರ್ಷ, ಅತ್ತೆಯ ಈ ತಮ್ಮ, ಅಂದರೆ ನಮ್ಮ ಎಂ.ಪಿ. ಮಾವ, ಒಂದು ಉಪಾಯ ಮಾಡಿದರು. ಹಬ್ಬದ ಹಿಂದಿನ ದಿನ ಬಿಳಿ ಕಾರೊಂದು ನಮ್ಮ ಮನೆ ಮುಂದೆ ನಿಂತಿತು. ಇಳಿದವರು ಅವರ ಪಿ.ಎ. ಕೈಯಲ್ಲಿ ಫೈಲು.

"ಅಕ್ಕಾರ, ಸಾಹೇಬ್ರು ಕಳಿಸ್ಯಾರ್ರಿ. ನಿಮ್ಮನ್ನ ಪಂಚಮಿಗಿ ಕಂಪ್ಲಿಗೆ ಕರಕೊಂಡು ಹೋಗಂತ."

ಅತ್ತೆ ಅವರನ್ನು ಮೇಲಿಂದ ಕೆಳಗೆ ನೋಡಿದರು. "ನಮ್ಮಪ್ಪಗ ನೀ ಯಾವಾಗ ಹುಟ್ಟಿದೆಪ್ಪಾ?"

ಪಿ.ಎ. ಬೆವರಿದರು. "ಹಂಗಲ್ರಿ... ಸಾಹೇಬ್ರ ಪ್ರತಿನಿಧಿ ಅಂತ ತಿಳ್ಕೋರಿ."

"ಪ್ರತಿನಿಧಿ ಕಳಿಸಾಕ ಇದೇನು ಉದ್ಘಾಟನಾ ಸಮಾರಂಭ ಅಲ್ಲ. ಕುಂದ್ರು, ಉಂಡಿ ತಿನ್ನು, ಹೋಗು."

ಪಾಪ, ಅವರಿಗೆ ಅಕ್ಕತಂಗಿಯರಿಲ್ಲವಂತೆ. ಶೇಂಗಾ ಉಂಡಿ, ಎಳ್ಳುಂಡಿ, ತಂಬಿಟ್ಟು ಎಲ್ಲ ತಿಂದು ಕಣ್ಣಲ್ಲಿ ನೀರು ತಂದುಕೊಂಡರು. ಮುಂದಿನ ವರ್ಷ ಕಾರಿನ ನೆವವೂ ಇಲ್ಲದೆ ಬೈಕಿನಲ್ಲಿ ಬಂದರು, ಅದರ ಮುಂದಿನ ವರ್ಷ ಡಬ್ಬಿ ತಂದರು. ಹೀಗೆ ತಮ್ಮ ಬರಬೇಕಾದ ಹಬ್ಬಕ್ಕೆ ಪಿ.ಎ. ಖಾಯಂ ಆದರು.

ಮೂರನೇ ಚುನಾವಣೆ ಘೋಷಣೆಯಾದ ಮೇಲೆ ಅತ್ತೆ ಎರಡೇ ಸಲದ ಕಾಯ್ದೆಯನ್ನು ಮೊದಲು ಮನೆಯಲ್ಲಿ ಜಾರಿಗೆ ತಂದರು. ಊರಿಗೆ ಬುದ್ಧಿ ಹೇಳುವ ಮುಂಚೆ ತಾನು ಸರಿಯಿರಬೇಕಲ್ಲ! ಎಂಟು ವರ್ಷದಿಂದ ಹಾಲು ಹಾಕುತ್ತಿದ್ದವನಿಗೆ, "ನಿಂದೂ ಭಾಳ ಆತು, ಬ್ಯಾರೇದವ್ರಿಗೆ ಅವಕಾಶ ಕೊಡು," ಎಂದು ಕೈಮುಗಿದರು. ಹೊಸಬನ ಹಾಲಿನಲ್ಲಿ ತುಂಗಭದ್ರೆಯೇ ಹರಿಯುತ್ತಿದ್ದಳು. "ಅನುಭವ ಇಲ್ಲ ಪಾಪ, ಕಲೀತಾನ," ಎಂದು ಅತ್ತೆ ಆ ನೀರಿನಲ್ಲೇ ಚಹಾ ಕಾಸಿದರು. ಒಂಬತ್ತು ವರ್ಷದಿಂದ ತಾವೇ ನಡೆಸುತ್ತಿದ್ದ ಓಣಿಯ ಮಹಿಳಾ ಸಂಘದ ಅಧ್ಯಕ್ಷೆ ಸ್ಥಾನಕ್ಕೆ ರಾಜೀನಾಮೆ ಕೊಟ್ಟರು. ಹೊಸ ಅಧ್ಯಕ್ಷೆ ದಿನಕ್ಕೆ ಮೂರು ಸಲ ನಮ್ಮ ಮನೆಗೆ ಬಂದು, ಸಭೆಯ ಠರಾವು ಬರೆಸಿಕೊಂಡು ಹೋಗತೊಡಗಿದಳು.

"ಅತ್ತೀ, ಈಗ ಅಧ್ಯಕ್ಷೆ ಯಾರು, ಆಕೀನೋ ನೀವೋ?"

"ಆಕೀನ. ನಂದು ಬರೇ ಮಾರ್ಗದರ್ಶನ."

ಅಕ್ಕನಿಗೂ ರಾಜಕೀಯ ರಕ್ತದಲ್ಲೇ ಇತ್ತು ನೋಡಿ!

ಇನ್ನು ಅಡುಗೆಮನೆ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎಂದು ಹಿರಿಯರು ಸಂವಿಧಾನಕ್ಕಿಂತ ಮೊದಲೇ ಹೇಳಿಟ್ಟಿದ್ದಾರಂತೆ. ಅವರ ಕಾಲ ಮುಗಿಯಿತು, ನನ್ನದೂ ಎರಡು ವರ್ಷ ಮುಗಿಯಿತು, ಹಾಗಾದರೆ ಮುಂದೆ? ಉಳಿದವರು ನಮ್ಮ ಮನೆಯವರೊಬ್ಬರೇ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಶಿಫ್ಟು ಮಾಡಿ, ಬಸ್ಸಿನಲ್ಲಿ ತೂಕಡಿಸುತ್ತಾ ಬಂದವರ ಕೈಗೆ ಸೌಟು ಕೊಡಲಾಯಿತು. ಮೂರು ವಾರ ಬೆಳಿಗ್ಗೆ ಉಪ್ಪಿಟ್ಟು, ಮಧ್ಯಾಹ್ನ ಉಪ್ಪಿಟ್ಟು, ಸಂಜೆ ಬೆಳಗಿನ ಉಪ್ಪಿಟ್ಟು. ನಾಲ್ಕನೇ ವಾರ ಅತ್ತೆಯೇ ಅವಿಶ್ವಾಸ ಗೊತ್ತುವಳಿ ತಂದರು. ನಾನು ಬೆಂಬಲಿಸಿದೆ. ಸರಕಾರ ಉರುಳಿತು. ನಮ್ಮವರು ಮಾತ್ರ ಇವತ್ತಿಗೂ ಆ ಸೋಲಿಗೆ ನಾವಿಬ್ಬರೂ ಸೇರಿ ಮಾಡಿದ ಕುತಂತ್ರ ಕಾರಣ ಎನ್ನುತ್ತಾರೆ.

ಮನೆ ಮುಗಿಯಿತು, ಮುಂದೆ ಜನತೆ. ಅತ್ತೆ ಒಂದು ಮಧ್ಯಾಹ್ನ ಮಗನ ಶಿಫ್ಟಿನ ಬಸ್ಸು ಹತ್ತಿ ತೋರಣಗಲ್ಲಿಗೆ ಹೋದರು. ಕಾರ್ಖಾನೆಯ ಗೇಟಿನಿಂದ ಹೊರಬರುವ ಕೆಲಸಗಾರರಿಗೆಲ್ಲ ಕೈಮುಗಿದು, "ಯಪ್ಪಾ, ಈ ಸಲ ನನ್ನ ತಮ್ಮಗ ಓಟು ಹಾಕಬ್ಯಾಡ್ರಿ," ಎಂದು ಕೇಳಿಕೊಳ್ಳತೊಡಗಿದರು.

ಹೆಲ್ಮೆಟ್ಟು ಕಂಕುಳಲ್ಲಿ ಇಟ್ಟುಕೊಂಡ ಗುತ್ತಿಗೆ ಕೆಲಸಗಾರನೊಬ್ಬ ನಿಂತ. "ಯಾಕಬೇ ಯವ್ವಾ? ರೊಕ್ಕ ಹೊಡದಾನೇನು?"

"ಥೂ! ನಾಲಿಗಿ ಸುಟ್ಟೀತು ನೋಡು! ಮಂದಿ ರೊಕ್ಕ ಮುಟ್ಟಿದಂವಲ್ಲ ನನ್ನ ತಮ್ಮ."

"ಹಂಗಾರ ಕೆಲಸ ಮಾಡಿಲ್ಲ?"

"ಮಾಡಿಲ್ಲ ಅಂತ ಯಾವ ಬಾಡ್ಯಾ ಅಂದಂವ? ಕರದಲ್ಲಿಗೆ ಹೋಗ್ತಾನ, ಹೊತ್ತಿಗೆ ಸರಿ ಉಣ್ಣಾಂಗಿಲ್ಲ. ಬಂಗಾರದಂಥಾವ!"

"ಮತ್ತ ಯಾಕ ಓಟು ಹಾಕಬಾರದು?"

"ಅಂಥಾವ ನಮ್ಮನಿಗೆ ಬೇಕಪ್ಪಾ! ನೀವ ಇಟಗೊಂಡ್ರ ನಾ ಏನು ಮಾಡ್ಲಿ?"

ಸುತ್ತ ನಿಂತವರೆಲ್ಲ ನಕ್ಕರು. ಒಬ್ಬ ಮೊಬೈಲಿನಲ್ಲಿ ಹಿಡಿದ. ಆ ವಿಡಿಯೊ ಸಂಡೂರು, ಗಾದಿಗನೂರು, ಕಂಪ್ಲಿ ಎಲ್ಲ ಕಡೆ ಓಡಾಡಿತು. ವಿರೋಧಿಗಳು ಖುಷಿಯಾಗಿ ಕ್ಯಾಮೆರಾ ಹಿಡಿದು ಮನೆಗೇ ಬಂದರು. "ಅಮ್ಮಾ, ನಿಮ್ಮ ತಮ್ಮ ನಿಮಗೆ ಮಾಡಿದ ಅನ್ಯಾಯದ ಬಗ್ಗೆ ಎರಡು ಮಾತು..." ಎಂದರು ಅಷ್ಟೆ. ಅತ್ತೆ ರೊಟ್ಟಿ ಬಡಿಯುತ್ತಿದ್ದ ಕೈಯಲ್ಲೇ ಎದ್ದು ಬಂದು ಅವರನ್ನು ಗೇಟಿನವರೆಗೆ ಅಟ್ಟಿದರು. ಅವರ ಕ್ಯಾಮೆರಾಕ್ಕೆ ಜೋಳದ ಹಿಟ್ಟು ಮೆತ್ತಿತು. ಫಲಿತಾಂಶ ಬಂದಾಗ ತಮ್ಮ ಹಿಂದಿನ ಎರಡೂ ಸಲಕ್ಕಿಂತ ಹೆಚ್ಚು ಅಂತರದಲ್ಲಿ ಗೆದ್ದಿದ್ದರು. ಮೊದಲ ಫೋನು ಅಕ್ಕನಿಗೇ ಬಂತು: "ಅಕ್ಕಾ, ನಿನ್ನ ಪ್ರಚಾರ ಭಾಳ ಕೆಲಸ ಮಾಡ್ತು ನೋಡು!"

ಅತ್ತೆ ಫೋನಿಟ್ಟು, ಮಹಡಿ ಮೆಟ್ಟಿಲ ಮೇಲೆ ಬಹಳ ಹೊತ್ತು ಕೂತಿದ್ದರು. ಗೆದ್ದನಲ್ಲ ಎಂಬ ಹಿಗ್ಗು, ಗೆದ್ದುಬಿಟ್ಟನಲ್ಲ ಎಂಬ ಸಂಕಟ, ಎರಡೂ ಅವರ ಮುಖದಲ್ಲಿದ್ದವು. ನಾನು ಹೋಗಿ ಪಕ್ಕದಲ್ಲಿ ಕೂತೆ. "ಜನಕ್ಕ ಬೇಕಂತ ಅಂವ. ನನಗ ಬ್ಯಾಡೇನು?" ಎಂದರು.

ಆ ಮರುಕದಲ್ಲಿ ನಾನೊಂದು ತಪ್ಪು ಮಾಡಿದೆ. ಮಂತ್ರಿಯಲ್ಲದ ಸಾಮಾನ್ಯ ಎಂ.ಪಿ.ಯೂ ತನ್ನದೊಂದು ಮಸೂದೆ ಮಂಡಿಸಬಹುದು, ಅದಕ್ಕೆಂದೇ ಶುಕ್ರವಾರ ಮಧ್ಯಾಹ್ನ ಸಮಯವಿರುತ್ತದೆ ಎಂದು ಪಾಠ ಹೇಳಿಬಿಟ್ಟೆ. ಅತ್ತೆಯ ಕಣ್ಣು ಅರಳಿತು. "ಹಂಗಾದ್ರ ಬ್ಯಾರೇದವ್ರ ಕಾಲು ಯಾಕ ಹಿಡೀಬೇಕು? ಮನ್ಯಾಗ ಒಬ್ಬ ಅದಾನಲ್ಲ!"

ಅಂದರೆ ಏನು ಗೊತ್ತಾಯಿತೇ? ತಮ್ಮನನ್ನು ಮನೆಗೆ ಕಳಿಸುವ ಕಾಯ್ದೆಯನ್ನು ತಮ್ಮನ ಕೈಯಿಂದಲೇ ಮಂಡಿಸುವುದು! ನನ್ನ ಪಾಠದ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಮಸೂದೆ ಬರೆಸಿದರು. ಒಂದನೆಯದು, ಯಾರೂ ಎರಡು ಸಲಕ್ಕಿಂತ ಹೆಚ್ಚು ಎಂ.ಪಿ. ಆಗಬಾರದು. ಎರಡನೆಯದು, ಆದಮೇಲೆ ಮನೆಗೆ ಹೋಗಬೇಕು. ಮನೆ ಎಂದರೆ ದಿಲ್ಲಿಯ ಬಂಗಲೆ ಅಲ್ಲ, ಹುಟ್ಟಿದ ಮನೆ. ಮೂರನೆಯದು, ಅಕ್ಕತಂಗಿಯರು ಇದ್ದವರಿಗೆ ಪಂಚಮಿಯ ಮೂರು ದಿನ ಸಂಬಳಸಹಿತ ರಜೆ. "ಅಕ್ಕತಂಗ್ಯಾರು ಇಲ್ಲದವ್ರಿಗೆ?" ಎಂದೆ. "ಅವ್ರು ಸಭಾ ನಡಸ್ಲಿ. ಯಾರು ಬ್ಯಾಡಂದ್ರು?" ಎಂದರು.

ಫೋನಿನ ಸ್ಪೀಕರ್ ಹಾಕಿ ನಾನೇ ಓದಿದೆ. ಆ ಕಡೆ ಎಂ.ಪಿ. ಮಾವ ನಕ್ಕೂ ನಕ್ಕೂ ಕೆಮ್ಮಿದರು. "ಅಕ್ಕಾ, ಮಸೂದೆ ಮಸ್ತ್ ಐತಿ. ಆದ್ರ ಶುಕ್ರವಾರ ಮಧ್ಯಾಹ್ನ ಮಂಡಿಸಿದ್ರ ಕೇಳಾಕ ಯಾರು ಇರ್ತಾರ? ಅರ್ಧಕ್ಕರ್ಧ ಮಂದಿ ತಮ್ಮ ತಮ್ಮ ಊರಿಗೆ ಹೋಗಿಬಿಟ್ಟಿರ್ತಾರ."

"ಹೌದೇನು?" ಎಂದರು ಅತ್ತೆ. "ಹಂಗಾದ್ರ ನೀ ಯಾಕ ಬಂದಿಲ್ಲ?"

ಆ ಕಡೆ ನಗು ನಿಂತಿತು. ಆಮೇಲೆ ಯಾರೋ ಕರೆದರೆಂದು ಅವರು ಫೋನಿಟ್ಟರು.

ಚಳವಳಿ ಸೋತರೂ ನೋಡುವುದು ತಪ್ಪಲಿಲ್ಲ. ಅಧಿವೇಶನ ನಡೆಯುವಾಗ ನಮ್ಮ ಮನೆಯಲ್ಲಿ ಧಾರಾವಾಹಿ ಬಂದ್. ಬೆಳಿಗ್ಗೆ ಹನ್ನೊಂದಕ್ಕೆ ಪಾರ್ಲಿಮೆಂಟಿನ ಚಾನೆಲ್ಲು ಹಾಕಿ, ಹಿಂದಿನ ಸಾಲಿನಲ್ಲಿ, ಕಂಬದ ಪಕ್ಕದಲ್ಲಿ ತಮ್ಮ ಎಲ್ಲಿದ್ದಾನೆಂದು ಅತ್ತೆ ಹುಡುಕುತ್ತಿದ್ದರು. ಅವರಿಗೆ ಬಜೆಟ್ಟು ಬೇಡ, ಚರ್ಚೆ ಬೇಡ. "ಸೊರಗ್ಯಾನ," ಎನ್ನುವರು. "ಕ್ಷೌರ ಮಾಡಿಸಿಲ್ಲ." ಒಮ್ಮೆ ತಮ್ಮ ಎದ್ದು ನಿಂತು ಏನೋ ಹೇಳಲು ಬಾಯಿ ತೆರೆದರು, ಸಮಯ ಮುಗಿಯಿತೆಂದು ಸ್ಪೀಕರ್ ಕೂರಿಸಿಬಿಟ್ಟರು. ನಮ್ಮ ಅತ್ತೆ ಟಿ.ವಿ. ಎದುರು ನಿಂತು ಸ್ಪೀಕರಿಗೆ ಬೈದ ಬೈಗುಳ ಕಡತದಿಂದ ತೆಗೆಯಬೇಕಾದಂಥದ್ದು. ಆ ವರ್ಷದ ಪಂಚಮಿಯಲ್ಲಿ ನಾಗಪ್ಪನಿಗೆ ಹಾಲೆರೆಯುವಾಗ "ತಮ್ಮನ ಪಾಲು, ಮಗನ ಪಾಲು, ಸೊಸಿ ಪಾಲು" ಎನ್ನುತ್ತಾ ಬಂದವರು, ತುಸು ತಡೆದು, "ಆ ಸ್ಪೀಕರಂದೂ ಒಂದು ಪಾಲು. ಸಿಟ್ಟು ಕಡಿಮಿ ಆಗ್ಲಿ," ಎಂದು ಸುರಿದರು.

ಒಮ್ಮೆ ಮಾತ್ರ ತಮ್ಮ ತೀರ ಹತ್ತಿರ ಬಂದಿದ್ದರು. ಎಂ.ಪಿ.ಗಳ ಸಮಿತಿಯೊಂದು ಹಂಪಿ ನೋಡಲು ಬಂತು, ಅದರಲ್ಲಿ ಇವರೂ ಒಬ್ಬರು. ಅತ್ತೆ ಬುತ್ತಿ ಕಟ್ಟಿದರು: ಸಜ್ಜೆ ರೊಟ್ಟಿ, ಪುಂಡಿಪಲ್ಯ, ಕೆಂಪು ಖಾರ. ನಾವಿಬ್ಬರೂ ಆಟೋ ಹಿಡಿದು ಹೋದರೆ ಮಹಾನವಮಿ ದಿಬ್ಬದ ಸುತ್ತ ಪೊಲೀಸರು ಹಗ್ಗ ಕಟ್ಟಿದ್ದರು. ಎಂ.ಪಿ. ಮಾವ ದೂರದಿಂದ ಅಕ್ಕನನ್ನು ಕಂಡು ಓಡಿಬಂದರು. ನಿಂತಲ್ಲೇ ಒಂದು ತುತ್ತು ತಿಂದರು. ಎರಡನೇ ತುತ್ತು ಅತ್ತೆಯ ಕೈಯಲ್ಲಿರುವಾಗಲೇ ಯಾರೋ ಅಧಿಕಾರಿ ಬಂದು, "ಸರ್, ಎಲ್ಲರೂ ಕಾಯ್ತಿದಾರೆ," ಎಂದ. ಹೋದರು.

ಅತ್ತೆ ಆ ತುತ್ತು ಹಿಡಿದುಕೊಂಡೇ ನಿಂತಿದ್ದರು. ಆಗ ಹಗ್ಗದ ಪಕ್ಕದಲ್ಲಿ ಸುಸ್ತಾಗಿ ಕಲ್ಲಿನ ಮೇಲೆ 'ಉಸ್ಸಪ್ಪಾ' ಎಂದು ಕೂತಿದ್ದ ಉತ್ತರದ ಕಡೆಯ ವಯಸ್ಸಾದ ಎಂ.ಪಿ.ಯೊಬ್ಬರು ಸಿಕ್ಕಿಬಿದ್ದರು. "ಕಿತ್ತೇ ಬಾರ್?" ಎಂದು ಅತ್ತೆ ನಮ್ಮ ಹೊಸಪೇಟೆ ಹಿಂದಿಯಲ್ಲಿ ಕೇಳಿದರು, ಎಷ್ಟು ಸಲ ಎಂ.ಪಿ. ಆದಿರಿ ಎಂದು. ಆತ ಹೆಮ್ಮೆಯಿಂದ ಆರು ಬೆರಳು ತೋರಿಸಿದರು. ಅತ್ತೆ ಎದುರಿನ ದಿಬ್ಬ ತೋರಿಸಿ, "ರಾಜಾ ಬೈಠೇ ಸೋ ಜಗಾ. ಅಬ್ ಖಾಲಿ. ಘರ್ ಕು ಜಾವ್. ಬಹೆನ್ ಹೈ ಕ್ಯಾ?" ಎಂದರು: ರಾಜ ಕೂತ ಜಾಗವೇ ಈಗ ಖಾಲಿ, ಮನೆಗೆ ಹೋಗಿ, ಅಕ್ಕತಂಗಿ ಇದ್ದಾಳೆಯೇ ಎಂದು. "ಥೀ," ಎಂದರು ಆತ. ಇದ್ದಳು. ಅತ್ತೆ ಕೈಯಲ್ಲಿದ್ದ ತುತ್ತನ್ನೂ ಬುತ್ತಿಯನ್ನೂ ಆ ಮುದುಕರಿಗೇ ಕೊಟ್ಟರು. ಅವರು ಖಾರಕ್ಕೆ ಕಣ್ಣು ಒರೆಸಿಕೊಳ್ಳುತ್ತಾ, ಪೂರ್ತಿ ಖಾಲಿ ಮಾಡಿದರು.

ಕೊನೆಗೂ ಮೂರನೇ ಅವಧಿ ಮುಗಿಯಿತು. ಅತ್ತೆಯ ಕಾಯ್ದೆಯೇನೂ ಬರಲಿಲ್ಲ. ತಮ್ಮನಿಗೆ ಟಿಕೆಟ್ಟೂ ಬರಲಿಲ್ಲ. ಪಕ್ಷ ಬೇರೆ ಯಾರನ್ನೋ ನಿಲ್ಲಿಸಿತು. ಊರೆಲ್ಲ ಅಯ್ಯೋ ಎಂದರೆ ನಮ್ಮ ಅತ್ತೆ ಓಣಿಯ ತುಂಬ ಸಕ್ಕರೆ ಹಂಚಿದರು! ಪಂಚಮಿಗೆ ತಿಂಗಳಿರುವಾಗಲೇ ಬ್ಯಾಗು ತುಂಬಿಟ್ಟರು. ಉಂಡಿಗೆ ಎರಡು ಸೇರು ಶೇಂಗಾ ಹೆಚ್ಚಿಗೆ ಬಿತ್ತು. ದಿನಕ್ಕೆ ನಾಲ್ಕು ಸಲ ಬಾಗಿಲಿಗೆ ಬಂದು ಓಣಿಯ ತಿರುವಿನವರೆಗೆ ನೋಡುವುದು, ಒಳಗೆ ಹೋಗುವುದು.

ಹಬ್ಬದ ಹಿಂದಿನ ರೊಟ್ಟಿ ಪಂಚಮಿಯ ಬೆಳಗೂ ಬಂತು. ತಮ್ಮ ಬರಲಿಲ್ಲ. ಫೋನು ಮಾಡಿದರೆ "ನೋಡ್ತೀನಿ ಅಕ್ಕಾ," ಎಂದರು. ನೋಡುವುದೇನು ಈಗ? ಅಧಿವೇಶನವಿಲ್ಲ, ಸಮಿತಿಯಿಲ್ಲ, ಪ್ರವಾಸವಿಲ್ಲ. ಅತ್ತೆ ಫೋನಿಟ್ಟು ಉಂಡಿ ಕಟ್ಟಲು ಕೂತರು.

ಅಷ್ಟರಲ್ಲಿ ಪಿ.ಎ. ಬಂದರು, ಎಂದಿನಂತೆ ಡಬ್ಬಿ ಹಿಡಿದು. ಈಗ ಅವರು ಹೊಸ ಸಾಹೇಬರ ಬಳಿ ಕೆಲಸಕ್ಕಿದ್ದರು. ಉಂಡಿ ಕೈಯಲ್ಲಿ ಹಿಡಿದರೂ ತಿನ್ನಲಿಲ್ಲ. "ಅಕ್ಕಾರ, ನಮ್ಮ ಹಳೇ ಸಾಹೇಬ್ರ ಕಡೆ ಹೋಗಿದ್ದೆರಿ. ಯಾರ ಕೂಡಾನೂ ಮಾತಿಲ್ಲ. ಮುಂಜಾನೆ ಎಂಟಕ್ಕ ಇಸ್ತ್ರಿ ಅಂಗಿ ಹಾಕ್ಕೊಂಡು ಹೊರಗ ಕುರ್ಚಿ ಹಾಕಿಸಿ ಕುಂದಿರ್ತಾರ. ಯಾರೂ ಬರಾಂಗಿಲ್ಲ. ಮಧ್ಯಾಹ್ನ ಎದ್ದು ಒಳಗ ಹೋಗ್ತಾರ."

ಅತ್ತೆ ಕಟ್ಟುತ್ತಿದ್ದ ಉಂಡಿಯನ್ನು ಹಾಗೇ ಬಿಟ್ಟು ಎದ್ದರು. ಆ ವರ್ಷವಷ್ಟೇ ಕಾರು ಕೊಂಡಿದ್ದ ಮಗನಿಗೆ ಹೇಳಿದರು: "ಕಾರು ತಗಿಯಲೇ. ಕಂಪ್ಲಿಗೆ."

"ಕರೀದನ ಹೆಂಗ ಹೋಗ್ತಿಬೇ?"

"ನಾ ತವರಿಗೆ ಹೊಂಟಿಲ್ಲ. ಎಂ.ಪಿ. ಹತ್ರ ಹೊಂಟೀನಿ. ಮಂದಿ ಹೋಗಾಂಗಿಲ್ಲೇನು?"

ಕಂಪ್ಲಿಯ ಮನೆಯ ಮುಂದೆ ಎರಡು ಸಾಲು ಪ್ಲಾಸ್ಟಿಕ್ ಕುರ್ಚಿ ಹಾಕಿತ್ತು, ಒಂದರಲ್ಲೂ ಜನವಿಲ್ಲ. ಎದುರಿಗೆ ಮೇಜು. ಗರಿಗರಿ ಬಿಳಿ ಅಂಗಿ ತೊಟ್ಟು ಎಂ.ಪಿ. ಮಾವ ಪೇಪರು ಓದುತ್ತಾ ಕೂತಿದ್ದರು. ಓದುತ್ತಿದ್ದರೋ ಇಲ್ಲವೋ, ಪುಟವಂತೂ ಮಗುಚಲಿಲ್ಲ. ಅತ್ತೆ ಹೋಗಿ ಮುಂದಿನ ಸಾಲಿನ ಕುರ್ಚಿಯಲ್ಲಿ ಕೂತು, ಸೆರಗು ಹೊದ್ದು, ಕೈಮುಗಿದರು.

"ಸಾಹೇಬ್ರ, ನಂದೊಂದು ಅರ್ಜಿ ಐತ್ರಿ."

ಅವರ ಕೈ ಹಳೇ ಚಾಳಿಯಂತೆ ಜೇಬಿನ ಪೆನ್ನಿಗೆ ಹೋಯಿತು. ಆಮೇಲೆ ತಲೆಯೆತ್ತಿದರು. "ಅಕ್ಕಾ?"

"ಅಕ್ಕ ಅಲ್ಲ. ಬರಕೋರಿ. ನನ್ನ ತಮ್ಮ ಪಂಚಮಿಗಿ ಕರಿಯಾಕ ಬರದ ಹದಿನೈದು ವರ್ಷ ಆತ್ರಿ. ದೊಡ್ಡವ್ರು ನೀವು, ನೀವರೆ ಒಂದು ಮಾತು ಹೇಳ್ರಿ."

ಪೆನ್ನು ಕೈಯಲ್ಲೇ ಉಳಿಯಿತು. "ಯಾವ ಮಾರಿ ಇಟಗೊಂಡು ಬರಲಿ ಅಕ್ಕಾ? ಕಾರು, ಮಂದಿ ಎಲ್ಲಾ ಇದ್ದಾಗ ಬರಲಿಲ್ಲ. ಈಗ ಬಂದ್ರ, ಯಾರೂ ಕೇಳಾವ್ರಿಲ್ಲ ಅಂತ ಬಂದ ಅಂತೀ."

"ಅಂತೀನಿ," ಎಂದರು ಅತ್ತೆ. "ಅಂದು ಉಂಡಿ ಕೊಡ್ತೀನಿ. ಅದಕ್ಯಾಕ ಹೆದರ್ತೀಯಲೇ?"

ಅವರು ತಲೆ ತಗ್ಗಿಸಿದರು. ಖಾಲಿ ಕುರ್ಚಿಗಳನ್ನು ಅತ್ತೆ ಒಮ್ಮೆ ನೋಡಿದರು. ಆಮೇಲೆ ನಾನು ಕನಸಿನಲ್ಲೂ ಎಣಿಸದ ಮಾತು ಅವರ ಬಾಯಿಂದ ಬಂತು. "ತಮ್ಮಾ, ಅಷ್ಟು ಬ್ಯಾಸರಾದ್ರ ಇನ್ನೊಂದು ಸಲ ನಿಲ್ಲು. ಪಾರ್ಟಿ ಕೊಡದಿದ್ರ ಪಕ್ಷೇತರ ನಿಲ್ಲು. ನಾನ ಗೇಟಿನ ಮುಂದ ನಿಂತು ಓಟು ಹಾಕ್ರಿ ಅಂತ ಕೇಳ್ತೀನಿ. ಹಿಂಗ ಕುಂದರಬ್ಯಾಡ, ನನಗ ನೋಡಾಕ ಆಗವಲ್ದು."

ಎಂ.ಪಿ. ಮಾವ ಅಳುತ್ತಲೇ ನಕ್ಕುಬಿಟ್ಟರು. "ಬ್ಯಾಡಕ್ಕಾ. ನೀ ಹಾಕ್ರಿ ಅಂತ ಕೇಳಿದ್ರ ನನ್ನ ಠೇವಣೀನೂ ಉಳ್ಯಾಂಗಿಲ್ಲ."

ಒಳಗಿನಿಂದ ಅವರ ಹೆಂಡತಿ ಬಂದು, "ಒಳಗ ಬರ್ರಿ ಅಕ್ಕಾರ," ಎಂದು ಕೈಹಿಡಿದರು. ಅತ್ತೆ ಅಲುಗಾಡಲಿಲ್ಲ. ಕರೆಯದೆ ತವರಿನ ಹೊಸ್ತಿಲು ದಾಟುವಂತಿಲ್ಲವಲ್ಲ! ಬಾಗಿಲಿಗೆ ಬಂದಾಗಿದೆ, ಈಗ ಇಲ್ಲೇ ಕರೆದರಾಯಿತು ಎಂದು ನಾನು ಸಲಹೆ ಕೊಟ್ಟೆ. ಅಕ್ಕತಮ್ಮ ಇಬ್ಬರೂ ನನ್ನನ್ನು ಒಂದೇ ರೀತಿ ನೋಡಿದರು, ಸಂವಿಧಾನ ಓದಿದವಳಿಗೆ ಇಷ್ಟೂ ತಿಳಿಯದೇ ಎನ್ನುವ ಹಾಗೆ.

ಆದ್ದರಿಂದ ನಾವೆಲ್ಲ ಮತ್ತೆ ಕಾರು ಹತ್ತಿದೆವು. ಕಂಪ್ಲಿಯಿಂದ ಹೊಸಪೇಟೆಗೆ, ಹೊಸಪೇಟೆಯಿಂದ ಕಂಪ್ಲಿಗೆ ಕರೆದೊಯ್ಯುವುದಕ್ಕಾಗಿ! ಕಬ್ಬಿನ ಗದ್ದೆ, ಬಾಳೆ ತೋಟ ಹಿಂದೆ ಸರಿದವು. ಕಮಲಾಪುರದ ಕೆರೆ ಏರಿಯ ಮೇಲೆ ಬಂದಾಗ ಎಂ.ಪಿ. ಮಾವ ಹಿಂದಕ್ಕೆ ತಿರುಗಿ, "ಎಳ್ಳುಂಡಿ ಮಾಡೀಯೇನು?" ಎಂದರು. ಅತ್ತೆ ಕಿಟಕಿಯ ಆಚೆ ನೋಡುತ್ತಾ ತಲೆಯಾಡಿಸಿದರು.

ಮನೆ ಮುಂದೆ ಕಾರು ನಿಲ್ಲುತ್ತಲೇ ಅತ್ತೆ ಯಾರಿಗೂ ಕಾಯದೆ ಇಳಿದು ಒಳಗೆ ಹೋಗಿ ಚಿಲಕ ಹಾಕಿಕೊಂಡರು. ನಾನು ಹಿತ್ತಿಲ ಬಾಗಿಲಿನಿಂದ ಸುತ್ತಿ ಒಳಗೆ ಹೋದೆ. ಎಂ.ಪಿ. ಮಾವ ಹೊರಗೆ ಚಪ್ಪಲಿ ಬಿಟ್ಟರು, ಗಂಟಲು ಸರಿಮಾಡಿಕೊಂಡರು, ಬಾಗಿಲು ತಟ್ಟಿದರು.

"ಅಕ್ಕಾ, ಪಂಚಮಿಗಿ ಕರಿಯಾಕ ಬಂದೀನಿ."

ಅತ್ತೆ ಬಾಗಿಲಿನ ಹಿಂದೆಯೇ ನಿಂತಿದ್ದರು. ಒಂದು ಕೈಯಲ್ಲಿ ಬ್ಯಾಗು, ಇನ್ನೊಂದು ಕೈಯಲ್ಲಿ ಬಾಯಿಗೆ ಒತ್ತಿಕೊಂಡ ಸೆರಗು. ನಾನು ಚಿಲಕಕ್ಕೆ ಕೈಹಾಕಿದೆ. ಅವರು ಬ್ಯಾಗು ಕೆಳಗಿಟ್ಟು ನನ್ನ ಕೈ ಹಿಡಿದುಕೊಂಡರು.

"ತಡಿಯವ್ವಾ," ಎಂದರು ಪಿಸುಮಾತಿನಲ್ಲಿ. "ಇನ್ನೊಮ್ಮೆ ಕರೀಲಿ. ಕೇಳಿ ಭಾಳ ದಿನ ಆಗೈತಿ."

ಹೊರಗಿನಿಂದ ದನಿ ಮತ್ತೆ ಬಂತು, ಈ ಸಲ ಇಡೀ ಓಣಿಗೆ ಕೇಳುವ ಹಾಗೆ.